ಮುಸುವದ ಮರಿಗಳು ಕಾಣೆಯಾದ ಬೇಸಿಗೆ

ಬಂಡೆಯ ಮೇಲೆ ಕೂತಿದ್ದ ಆ ಹೊಸ ಗಂಡುಗಳನ್ನು ಮೊದಲು ಕಂಡವಳು ನಾನೇ. ಬಿಸಿಲು ಇನ್ನೂ ಏರಿರಲಿಲ್ಲ. ಗುಡ್ಡದ ಬುಡದ ಹುಣಸೆಮರದಲ್ಲಿ ನಾನು ದಿನವೂ ಹಿಂಬಾಲಿಸುತ್ತಿದ್ದ ಮುಸುವಗಳ ಗುಂಪು ಚಿಗುರು ಕೀಳುತ್ತಿತ್ತು. ಕಪ್ಪು ಮುಖ, ಬೂದು ಮೈ, ಮೈಗಿಂತ ಉದ್ದದ ಬಾಲ. ಮದುವೆಮನೆಯಲ್ಲಿ ಹೆಂಗಸರು ಕೂಸನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ತಾಯಂದಿರು ಮರಿಗಳನ್ನು ದಾಟಿಸುತ್ತಿದ್ದರು. ಗುಂಪಿನ ಯಜಮಾನ, ಹೆಗಲ ಕೂದಲು ಉದುರಿದ್ದ ಹಳೆಯ ಗಂಡು, ಕೊಂಬೆಯ ಕವಲಿನಲ್ಲಿ ತೂಕಡಿಸುತ್ತಿತ್ತು. ಮೇಲೆ, ಗುಡ್ಡದ ನೆತ್ತಿಯಲ್ಲಿದ್ದವು ಏನೂ ತಿನ್ನುತ್ತಿರಲಿಲ್ಲ. ಸಾಲಾಗಿ, ಬಾಲ ಇಳಿಬಿಟ್ಟು, ಕೆಳಗೆ ನೋಡುತ್ತ ಕೂತಿದ್ದವು, ಅಷ್ಟೆ.

ಅವು ಯಾಕೆ ಬಂದಿವೆ ಎಂದು ನನಗೆ ಓದಿ ಗೊತ್ತಿತ್ತು. ಮುಸುವಗಳ ಗುಂಪಿಗೆ ಸಾಮಾನ್ಯವಾಗಿ ಒಂದೇ ದೊಡ್ಡ ಗಂಡು. ಗುಂಪಿಲ್ಲದ ಗಂಡುಗಳು ತಮ್ಮದೇ ದಂಡು ಕಟ್ಟಿಕೊಂಡು ಅಲೆಯುತ್ತವೆ. ಒಂದು ದಿನ ಬಂದು ಯಜಮಾನನನ್ನು ಓಡಿಸುತ್ತವೆ. ಆಮೇಲೆ ಗೆದ್ದವನು ಹಾಲು ಕುಡಿಯುವ ಮರಿಗಳ ಕಡೆ ತಿರುಗುತ್ತಾನೆ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತಾಳೆ, ಮುಂದೆ ಹುಟ್ಟುವುದು ಅವನ ಮರಿಯಾಗುತ್ತದೆ. ಓದುವಾಗ ಇದು ಒಂದು ಪ್ಯಾರಾ. ಅವತ್ತು ಬೆಳಿಗ್ಗೆ ಹುಣಸೆಮರದ ಕೆಳಗೆ ನಿಂತು ಆ ಮರಿಗಳನ್ನು ಎರಡೆರಡು ಸಲ ಎಣಿಸಿದೆ.

ನಾನು ತರೀಕೆರೆಯವಳು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಬ್ಬಾನ ಹಾಸಿಗೆ ಅಂಗಡಿ. ಹತ್ತಿ ಹಿಂಜುವ ಮಷೀನಿನ ಸದ್ದಿನಲ್ಲೇ ಓದಿ ಬೆಳೆದೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮುಸುವಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದಾಗ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅಮ್ಮಿ ಮಾತ್ರ ನಮ್ಮ ದಖ್ಖನಿಯಲ್ಲಿ ಕೇಳಿದಳು, ‘ಅವುಗಳನ್ನು ನೋಡಿ ಏನು ಮಾಡುತ್ತೀ ಬೇಟಾ?’ ‘ಮೇಡಂ ಚಿಂಪಾಂಜಿಗಳನ್ನು ನೋಡಿ ಮಾಡಿದರಲ್ಲ, ಹಾಗೆ’ ಎಂದೆ.

ಮೇಡಂ ಎಂದರೆ ನನ್ನ ಮಾರ್ಗದರ್ಶಕಿ. ಆ ಕಾಲಕ್ಕಾಗಲೇ ನಿವೃತ್ತಿಯಾಗಿದ್ದರು, ನಾನು ಅವರ ಕೊನೆಯ ವಿದ್ಯಾರ್ಥಿನಿ. ನಮ್ಮ ಕಡೆಯ ಹೆಣ್ಣುಮಕ್ಕಳು ಒಬ್ಬರೇ ಬೆಂಗಳೂರಿಗೆ ಹೋಗಲು ಯೋಚಿಸುತ್ತಿದ್ದ ದಿನಗಳಲ್ಲಿ ಅವರು ಆಫ್ರಿಕಾದ ಕಾಡಿಗೆ ಹೋಗಿ, ಒಂದು ಜಾರು ಇಳಿಜಾರಿನಲ್ಲಿ ವರ್ಷಗಟ್ಟಲೆ ಕೂತವರು. ಮೊದಮೊದಲು ಚಿಂಪಾಂಜಿಗಳು ಅವರ ಸುಳಿವು ಸಿಕ್ಕರೆ ಓಡುತ್ತಿದ್ದವಂತೆ. ಇವರು ದಿನವೂ ಅದೇ ಜಾಗದಲ್ಲಿ, ಅದೇ ಬಣ್ಣದ ಅಂಗಿ ತೊಟ್ಟು ಸುಮ್ಮನೆ ಕೂರುತ್ತಿದ್ದರಂತೆ. ಕೊನೆಗೊಂದು ದಿನ ಒಂದು ಗಂಡು ಇವರ ಪಕ್ಕದಲ್ಲೇ ಹುತ್ತದೊಳಗೆ ಕಡ್ಡಿ ತೂರಿಸಿ, ಅಂಟಿಕೊಂಡ ಗೆದ್ದಲನ್ನು ನೆಕ್ಕಿತಂತೆ. ಕ್ಲಾಸಿನಲ್ಲಿ ಅವರು ಇಲ್ಲಿಯವರೆಗೆ ಹೇಳುತ್ತಿದ್ದರು. ಅದರ ಮುಂದಿನದನ್ನು ಹೇಳುತ್ತಿರಲಿಲ್ಲ.

ನನ್ನನ್ನು ಕಳಿಸುವಾಗ ಅವರು ಎರಡು ಮಾತು ಹೇಳಿದ್ದರು. ಪ್ರಾಣಿಗಳಿಗೆ ಹೆಸರಿಡಬೇಡ. ಅವುಗಳ ನಡುವೆ ಹೋಗಬೇಡ.

ನಾನು ಆರಿಸಿಕೊಂಡ ಗುಡ್ಡ ಅಜ್ಜಂಪುರದಿಂದ ಅಂತರಘಟ್ಟೆಗೆ ಹೋಗುವ ದಾರಿಯ ಆಸುಪಾಸಿನ ಒಂದು ಊರಿನ ಬೆನ್ನಿಗಿತ್ತು. ಸುತ್ತ ಎರೆ ಹೊಲ, ಈರುಳ್ಳಿ ಕಿತ್ತು ಬರಿದಾದ ನೆಲ, ಬೋರಿನ ನೀರು ಹರಿಯುವಲ್ಲಿ ಮಾತ್ರ ತೆಂಗು. ಗುಡ್ಡದ ಬುಡದಲ್ಲಿ ಪುಟ್ಟದೊಂದು ಆಂಜನೇಯನ ಗುಡಿ. ತೋಟದ ಮನೆಯೊಂದರ ಮುಂಬಾಗಿಲು ದಾಟಿದ ಕೂಡಲೇ ಸಿಗುವ ಕೋಣೆಯಲ್ಲಿ ನಾನಿದ್ದೆ. ಮನೆಯ ಯಜಮಾನರು ಹೊಲ, ಟ್ರಾಕ್ಟರು ಎಂದು ಹೊರಗೇ ಇರುತ್ತಿದ್ದರು. ಮನೆ ನಡೆಸುತ್ತಿದ್ದವರು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಗಟ್ಟಿ ದನಿ, ಗಟ್ಟಿ ಕೈ. ಮೊದಲ ದಿನವೇ ಅವರು ನಕ್ಕು, ‘ನಮ್ಮ ಆಂಜನೇಯನ್ನ ಕಾಯಾಕೆ ನಿಮ್ಮೋರೇ ಬರ್ಬೇಕಾಯ್ತು ನೋಡು’ ಎಂದಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಬಿಸಿ ರೊಟ್ಟಿ ಹಾಕಿಕೊಡುತ್ತಲೇ ಆಡಿದ ಮಾತದು.

ಅವರ ಮಗಳು ಪಂಚನಹಳ್ಳಿಗೆ ಕೊಟ್ಟವಳು. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಹೊತ್ತು ಹೋಗದೆ ತಾರಸಿಯ ಮೇಲೆ ಕೂತು ನನ್ನ ದುರ್ಬೀನು ಇಸಿದುಕೊಂಡು ಮುಸುವಗಳನ್ನು ನೋಡುವುದು ಅಭ್ಯಾಸವಾಯಿತು. ಹೆಸರಿಡಬಾರದೆಂದು ನಾನು ಹೇಳಿದ್ದಕ್ಕೆ, ‘ಹೆಸ್ರಲ್ಲ ಕಣೇ, ಗುರ್ತು’ ಎಂದು ವಾದಿಸಿ ಎಡಗಿವಿ ಹರಿದಿದ್ದ ಎಳೆಯ ತಾಯಿಯನ್ನು ಹರುಕಿವಿ ಎಂದು ಕರೆಯತೊಡಗಿದಳು. ಹರುಕಿವಿಗೂ ಅದು ಚೊಚ್ಚಲ ಮರಿ. ಮುಸುವದ ಮರಿ ಹುಟ್ಟುವಾಗ ಇದ್ದಿಲಿನಂತೆ ಕಪ್ಪಗಿರುತ್ತದೆ, ಆಮೇಲೆ ಬಣ್ಣ ತಿಳಿಯಾಗುತ್ತ ಬರುತ್ತದೆ. ಅದು ಇನ್ನೂ ಪೂರ್ತಿ ಕಪ್ಪಾಗಿತ್ತು. ಕೆಲವೇ ದಿನಗಳಲ್ಲಿ ನಾನೂ ಹರುಕಿವಿ ಎಂದೇ ಹೇಳತೊಡಗಿದೆ.

ಬಂಡೆಯ ಮೇಲಿನ ಗಂಡುಗಳನ್ನು ಕಂಡ ದಿನವೇ ಮೇಡಂಗೆ ಫೋನು ಮಾಡಿದೆ.

‘ಕೂತಿವೆಯಾ, ಓಡಾಡುತ್ತಿವೆಯಾ?’ ಎಂದು ಕೇಳಿದರು.

‘ಕೂತಿವೆ.’

‘ಸದ್ದು?’

‘ಇಲ್ಲ ಮೇಡಂ.’

‘ನೋಡು, ಬರೆ. ನಾನು ಬರುತ್ತೇನೆ’ ಎಂದರು.

ಅವರನ್ನು ಕರೆತರಲು ಕಡೂರು ಸ್ಟೇಷನ್ನಿಗೆ ಹೋದೆ. ಮೊಣಕಾಲು ನೋವಿನಿಂದ ಬೋಗಿಯ ಮೆಟ್ಟಿಲು ಇಳಿಯಲೇ ಕಷ್ಟಪಟ್ಟರು. ಬೆಳ್ಳಗಿನ ಗಿಡ್ಡ ಕೂದಲು, ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ಕೋಲು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ, ನಾನು ಕೇಳದಿದ್ದರೂ, ಕ್ಲಾಸಿನಲ್ಲಿ ಹೇಳದೆ ಬಿಟ್ಟಿದ್ದ ಆ ಉಳಿದ ಭಾಗವನ್ನು ಹೇಳಿದರು.

‘ನನ್ನ ಚಿಂಪಾಂಜಿಗಳ ಗುಂಪು ಒಡೆದು ಎರಡಾಯ್ತು. ಜಗಳ ಏನೂ ಇಲ್ಲ. ಕೆಲವು ತೆಂಕಣ ಕಣಿವೆ ಹಿಡಿದವು, ಕೆಲವು ಇಲ್ಲೇ ಉಳಿದವು, ಅಷ್ಟೆ. ಒಂದು ದಿನ ಇಲ್ಲಿನ ಗಂಡುಗಳು ಸಾಲಾಗಿ ಹೊರಟವು. ಸಾಮಾನ್ಯವಾಗಿ ಅವು ಕೂಗಾಡಿಕೊಂಡೇ ಹೋಗೋದು. ಅವತ್ತು ಒಂದು ಕಡ್ಡಿ ಮುರಿದ ಸದ್ದಿಲ್ಲ. ನಾನು ಹಿಂದೆ ಹೋದೆ. ಆ ಕಡೆಯವನು ಒಬ್ಬನೇ ಹಣ್ಣು ತಿನ್ನುತ್ತ ಕೂತಿದ್ದ. ಇವರ ಜೊತೇಲೇ ಬೆಳೆದವನು. ಇವರೇ ಅವನ ಮೈ ಹೇನು ತೆಗೆದು ಸಾಕಿದ್ದವರು.’ ಅವರು ಲೋಟವನ್ನು ಬಟ್ಟಲಿನಲ್ಲಿ ಇಟ್ಟರು. ‘ಅವನು ತುಂಬಾ ಹೊತ್ತು ಸಾಯಲಿಲ್ಲ. ನಾನು ಹೆಸರಿಟ್ಟಿದ್ದೆ ಅವನಿಗೆ. ಎಲ್ಲರಿಗೂ ಇಟ್ಟಿದ್ದೆ. ಯಾರು ಕೈ ಹಿಡಿದರು, ಯಾರು ಕಚ್ಚಿದರು ಅಂತ ಬರೆಯುವಾಗ ಆ ಹೆಸರುಗಳನ್ನೇ ಬರೆಯಬೇಕಾಯ್ತು.’

‘ನೀವು ತಡೆಯೋಕೆ ಹೋಗಲಿಲ್ವಾ?’

‘ಇಲ್ಲ’ ಎಂದರು ಮೇಡಂ. ‘ಬಸ್ಸು ಬಂತೇನೋ, ನೋಡು.’

ಮೇಡಂ ಅಕ್ಕನ ಮನೆಯಲ್ಲೇ ಉಳಿದುಕೊಂಡರು. ಕಾಳಗ ನಡೆದದ್ದು ಮರುದಿನ ಬೆಳಿಗ್ಗೆ. ಬಂಡೆಯ ಮೇಲಿನ ದಂಡು ಏಕಾಏಕಿ ಗುಡ್ಡ ಇಳಿಯಿತು. ಹುಣಸೆಮರ ಅಲ್ಲಾಡಿಹೋಯಿತು. ಹೆಣ್ಣುಗಳು ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ತೆಂಗಿನ ತೋಟಕ್ಕೆ ಹಾರಿದವು. ಹಳೆಯ ಯಜಮಾನ ನಿಂತು ಕಾದಿದ. ತೊಡೆ ಸೀಳಿಸಿಕೊಂಡು ಹಳ್ಳದ ಕಡೆ ಓಡಿದ. ಮಧ್ಯಾಹ್ನದ ಹೊತ್ತಿಗೆ, ದಂಡಿನಲ್ಲಿ ಎಲ್ಲರಿಗಿಂತ ದಪ್ಪ ಕತ್ತಿನ ಒಂದು ಗಂಡು ತನ್ನ ಜೊತೆಗಾರರನ್ನೂ ಹಲ್ಲು ಮಸೆದು ಅಟ್ಟಿ, ಗುಡಿಯ ಗೋಡೆಯ ಮೇಲೆ ಒಬ್ಬನೇ ಕೂತ. ಹಾದುಹೋದ ಒಂದಿಬ್ಬರು ಕೈಮುಗಿದರು. ಅಲ್ಲಿ ಕೂತಿದ್ದವನು ನಿನ್ನೆಯವನಲ್ಲ ಎಂದು ಅವರಿಗೆ ತಿಳಿಯಲಿಲ್ಲ.

ಮೊದಲ ಮರಿ ಆ ವಾರದಲ್ಲೇ ಇಲ್ಲವಾಯಿತು. ನಾನು ನೋಡಲಿಲ್ಲ. ಬೆಳಿಗ್ಗೆ ಹೋದಾಗ ಅದರ ತಾಯಿ ಖಾಲಿ ಎದೆಯಲ್ಲಿ ಕೂತು ಕೊಂಬೆಯಿಂದ ಕೊಂಬೆಗೆ ಕತ್ತು ಹೊರಳಿಸುತ್ತಿದ್ದಳು. ಎರಡನೆಯದು ತೋಟದ ಬದುವಿನಲ್ಲಿ ಸಿಕ್ಕಿತು, ತಲೆಯ ಮೇಲೆ ಸೀಳು. ನಾನು, ಮೇಡಂ ಇಬ್ಬರೂ ಅದನ್ನು ಅಳೆದು, ಚಿತ್ರ ತೆಗೆದು, ಹೂತೆವು. ಹೂಳುವಾಗ ದಾರಿಯಲ್ಲಿ ಬೈಕೊಂದು ನಿಂತಿತು. ಇಬ್ಬರು ನಮ್ಮನ್ನು ನೋಡಿದರು. ಒಬ್ಬ ಮೊಬೈಲು ಎತ್ತಿ ಹಿಡಿದ. ಬೈಕು ಹೊರಟುಹೋಯಿತು.

ಮಾರನೆಯ ದಿನ ಟೀ ಅಂಗಡಿಯಲ್ಲಿ ನಾನು ಬಿಸ್ಕತ್ತು ಕೇಳಿದಾಗ ಅಂಗಡಿಯವನು ತಲೆ ಎತ್ತಲಿಲ್ಲ. ಬೆಂಚಿನ ಮೇಲಿದ್ದವನೊಬ್ಬ, ನನಗಲ್ಲ, ಪಕ್ಕದವನಿಗೆ ಹೇಳಿದ. ‘ಇಷ್ಟ್ ವರ್ಸ ಮರಿಗುಳು ಚೆನ್ನಾಗೇ ಇದ್ವಲ್ಲೋ. ಈಗ ಅದೇನೋ ಲ್ಯಾಬಿಗೆ ಕಳ್ಸ್ತಾರಂತೆ.’ ಪಕ್ಕದವನು ನಕ್ಕ. ನಾನು ಬಿಸ್ಕತ್ತು ಅಲ್ಲೇ ಬಿಟ್ಟು ಬಂದೆ.

ನಾವು ಮರಿಯನ್ನು ಹೂಳುತ್ತಿದ್ದ ಚಿತ್ರ ಸುತ್ತಿನ ಊರುಗಳ ಫೋನುಗಳಲ್ಲಿ ಹರಿದಾಡಿ ತರೀಕೆರೆಗೂ ಬಂತು. ಅದರಲ್ಲಿ ಮೇಡಂ ಕಾಣುತ್ತಿರಲಿಲ್ಲ. ತಲೆಗೆ ದುಪಟ್ಟಾ ಸುತ್ತಿಕೊಂಡು ಬಗ್ಗಿದ್ದ ನಾನು, ನನ್ನ ಕೈಯಲ್ಲಿ ಕಪ್ಪಗೆ ಏನೋ ಒಂದು, ಅಷ್ಟೇ ಕಾಣುತ್ತಿತ್ತು. ಅಮ್ಮಿ ಫೋನು ಮಾಡಿದಳು. ‘ಬಂದುಬಿಡು’ ಎಂದಳು. ‘ನೀನು ಏನು ನೋಡಿದೆ ಅಂತ ಅಲ್ಲಿ ಯಾರ ಮುಂದೆಯೂ ಹೇಳಬೇಡ. ನಿಜ ಇದ್ದರೆ ಇನ್ನೂ ಹೇಳಬೇಡ.’ ಅಮ್ಮಿಯ ದನಿಯಲ್ಲಿ ಅಷ್ಟು ಭಯವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆದ್ದರಿಂದ ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಅಕ್ಕ ತಾವೇ ಒಂದು ತೀರ್ಮಾನಕ್ಕೆ ಬಂದಿದ್ದರು, ನಾಯಿಗಳ ಕೆಲಸ ಎಂದು. ಮಗಳಿಗೆ ಮಾತ್ರ ಒಪ್ಪಿಗೆಯಾಗಿರಲಿಲ್ಲ. ತಾರಸಿಯ ಮೇಲಿನಿಂದ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಮೇಡಂ ಕಡೆ ತಿರುಗಿ ನೇರವಾಗಿ ಕೇಳಿದಳು.

‘ಆ ಹೊಸಾ ಗಡವ ಯಾಕೆ ಮರಿಗಳ ಹಿಂದೇನೇ ಬೀಳ್ತಾನೆ? ನಾನು ನೋಡಿದೀನಿ. ನಾಯಿ ಅಲ್ಲ ಅದು.’

ನಾನು ಮೇಡಂ ಮುಖ ನೋಡಿದೆ. ಬೇಡ ಎಂದು ಕಣ್ಣಲ್ಲೇ ಹೇಳಿದೆ. ಅವರು ಸಾರನ್ನು ಕಲಸಿಕೊಳ್ಳುವುದನ್ನು ನಿಲ್ಲಿಸಿ, ಕ್ಲಾಸಿನಲ್ಲಿ ಹೇಳುವಷ್ಟೇ ಸರಳವಾಗಿ, ಯಾಕೆ ಎಂದು ಹೇಳಿಬಿಟ್ಟರು. ಇಂಥದ್ದನ್ನು ಮೊದಲಿಗೆ ಬರೆದಿಟ್ಟವರೂ ನಮ್ಮ ನಾಡಿನ ಮುಸುವಗಳನ್ನೇ ನೋಡಿ ಬರೆದರು ಎಂದೂ ಸೇರಿಸಿದರು.

ಅಕ್ಕ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. ‘ಬಸ್ರಿ ಹೆಂಗ್ಸಿನ್ ಮುಂದೆ ಆಡೋ ಮಾತಾ ಇದು? ಆಂಜನೇಯ ಕೂಸುಗಳನ್ನ ಕೊಲ್ತಾನಾ? ಓದಿದೋರು ನೀವು, ವಯಸ್ಸಾದೋರು. ಇನ್ನೊಂದ್ಸಲ ಈ ಮನೇಲಿ ಈ ಮಾತು ಬರ್ಕೂಡ್ದು.’ ಆಮೇಲೆ ನನ್ನ ಕಡೆ ನೋಡಿದರು. ‘ನೀನೂ ಇದನ್ನೇ ಬರೀತಿದೀಯಾ?’

‘ಕಂಡದ್ದನ್ನ ಬರೀತಿದೀನಿ ಅಕ್ಕ.’

‘ಊರ್ನಲ್ಲಿ ಗೊತ್ತಾದ್ರೆ ಏನಾಗ್ತೈತೆ ಗೊತ್ತೇನಮ್ಮಾ ನಿಂಗೆ?’

ಗೊತ್ತಿತ್ತು. ಆ ದಿನದಿಂದ ಬಿಸಿ ರೊಟ್ಟಿ ನಿಂತು, ನನ್ನ ತಟ್ಟೆ ಕೋಣೆಯ ಬಾಗಿಲಿಗೆ ಬರತೊಡಗಿತು. ಮಗಳನ್ನು ತಾರಸಿ ಹತ್ತಲು ಬಿಡಲಿಲ್ಲ.

ಉಳಿದ ತಾಯಂದಿರ ಮರಿಗಳೂ ಒಂದೊಂದಾಗಿ ಹೋದವು. ಕೊನೆಗೆ ಹರುಕಿವಿಯದು ಮಾತ್ರ ಉಳಿಯಿತು. ಅವಳು ಗುಂಪನ್ನು ಬಿಟ್ಟು ನಮ್ಮ ಹಿತ್ತಿಲಿಗೆ ಬಂದಳು. ಕೊಬ್ಬರಿಗೆಂದು ತೆಂಗಿನಕಾಯಿ ಒಣಗಿಸಲು ಹಾಕುವ ಅಟ್ಟದ ಕೊಟ್ಟಿಗೆ ಅಲ್ಲಿತ್ತು, ಮೇಲೆ ತಗಡಿನ ಮಾಡು. ಆ ಮಾಡಿನ ಕೆಳಗಿನ ಸಂದಿಯಲ್ಲಿ ಮರಿಯನ್ನು ಎದೆಗೊತ್ತಿಕೊಂಡು ಕೂತಳು. ಮಾರನೆಯ ದಿನ ದಪ್ಪ ಕತ್ತಿನವನು ಎದುರಿನ ನೀರಿನ ಟ್ಯಾಂಕಿನ ಮೇಲೆ ಬಂದು ಕೂತ. ಅವಳನ್ನು ನೋಡುತ್ತಿರಲಿಲ್ಲ. ಬೆನ್ನು ತಿರುಗಿಸಿ, ಬಯಲಿನ ಕಡೆ ಮುಖ ಮಾಡಿ ಕೂರುತ್ತಿದ್ದ. ಅವಳು ಹಸಿವಿಗೆ ಇಳಿದರೆ ಅವನೂ ಇಳಿಯುತ್ತಿದ್ದ. ಅವಳು ಹತ್ತಿದರೆ ಮತ್ತೆ ಟ್ಯಾಂಕು. ಊರಿನ ಕೆಲಸಗಳೆಲ್ಲ ಅವರ ಸುತ್ತ ಎಂದಿನಂತೆ ನಡೆಯುತ್ತಿದ್ದವು, ಮೋಟರು ಓಡುತ್ತಿತ್ತು, ಶಾಲೆ ಮಕ್ಕಳ ವ್ಯಾನು ಬಂದುಹೋಗುತ್ತಿತ್ತು.

ಮೇಡಂ ಏನು ಮಾಡಿದರೆಂದರೆ, ಒಂದು ಬೆಳಿಗ್ಗೆ ಕುರ್ಚಿಯನ್ನು ಎತ್ತಿಸಿಕೊಂಡು ಹೋಗಿ ಕೊಟ್ಟಿಗೆಗೂ ಟ್ಯಾಂಕಿಗೂ ನಡುವೆ ಹಾಕಿಸಿಕೊಂಡು ಕೂತರು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಅವರು ಅಲ್ಲಿದ್ದಷ್ಟು ಹೊತ್ತು ಅವನು ಇಳಿಯಲಿಲ್ಲ, ಹರುಕಿವಿ ಮಾತ್ರ ಇಳಿದು ದನದ ಬಾನಿಯಲ್ಲಿ ನೀರು ಕುಡಿದು, ಹಿತ್ತಿಲ ಅಂಚಿನ ಹುಣಸೆಮರದಿಂದ ಬಿದ್ದ ಹೂ ಆಯ್ದು ತಿಂದಳು. ಹೀಗೆ ಕೆಲವು ದಿನ ನಡೆಯಿತು. ಆಮೇಲೆ ಮೇಡಂ ಮೊಣಕಾಲು ಊದಿಕೊಂಡು ಮಂಚ ಹಿಡಿದರು.

ಅದೇ ಸಂಜೆ ಊರಿನ ಕೆಲವು ಗಂಡಸರು ಅಂಗಳಕ್ಕೆ ಬಂದರು. ಟೀ ಅಂಗಡಿಯ ಬೆಂಚಿನವನೂ ಅವರಲ್ಲಿದ್ದ. ಕಿರುಚಾಟವೇನೂ ಇರಲಿಲ್ಲ, ಚಪ್ಪಲಿ ಬಿಟ್ಟೇ ಮೆಟ್ಟಿಲು ಹತ್ತಿದರು. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

‘ಆ ಹುಡ್ಗಿ ಕೋಣೆ ಒಂದ್ಸಾರಿ ನೋಡ್ಬೇಕಿತ್ತು ಅಕ್ಕಾರೇ’ ಎಂದು ಒಬ್ಬ ಹೇಳಿದ. ‘ಚೀಲ ಗೀಲ. ನಮ್ ಸಮಾಧಾನಕ್ಕೆ.’

ಅಕ್ಕ ಬಾಗಿಲಿನ ಎರಡೂ ಕಡೆ ಕೈ ಇಟ್ಟು ನಿಂತರು. ‘ದಿನ ತುಂಬಿರೋ ಹೆಣ್ಮಗ್ಳು ಒಳ್ಗವ್ಳೆ. ಗಂಡಸ್ರು ಒಳಗ್ ಬರೋ ಹಂಗಿಲ್ಲ. ಯಜಮಾನ್ರು ಬರ್ಲಿ, ಆಮೇಲ್ ಮಾತಾಡಿ.’

‘ಆಯ್ತು. ಶನಿವಾರದ ಪೂಜೆ ಹೊತ್ಗೆ ಅವ್ಳು ಊರಲ್ಲಿ ಇರ್ಬಾರ್ದು ಅಷ್ಟೇಯ. ಮರಿ ಒಂದೂ ಉಳ್ದಿಲ್ಲ ಗುಡ್ಡದಾಗೆ. ಇದ್ಕೆ ಯಾರಾದ್ರೂ ಉತ್ರ ಹೇಳ್ಬೇಕಲ್ಲ?’

ನಾನು ಕೋಣೆಯ ಒಳಗೆ, ಚಿಲಕ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಇದನ್ನು ಕೇಳಿಸಿಕೊಂಡೆ. ಅವರು ಹೋದ ಮೇಲೆ ಅಕ್ಕ ಬಂದು ಬಾಗಿಲು ತಟ್ಟಿದರು. ‘ಬಟ್ಟೆ ಜೋಡ್ಸ್ಕೋ ತಾಯಿ. ನಂಗೂ ಬ್ಯಾರೆ ದಾರಿ ಕಾಣಲ್ಲ’ ಎಂದರು. ಕೋಪವಿರಲಿಲ್ಲ, ಸುಸ್ತಿತ್ತು.

ಮಾರನೆಯ ದಿನ ಉರಿಬಿಸಿಲು. ಮೇಡಂ ಒಳಗೆ ಮಲಗಿದ್ದರು. ಅಕ್ಕ ಹಿತ್ತಿಲಿನಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ನಾನು ಹಿತ್ತಿಲ ಅಂಚಿನ ಹುಣಸೆಮರದ ನೆರಳಿನಲ್ಲಿ, ಕೊನೆಯ ಸಲ ಎಂದುಕೊಂಡು ಕೂತಿದ್ದೆ. ಹರುಕಿವಿ ಬಾನಿಗೆ ಇಳಿದಳು. ಮರಿ ಅವಳ ಹೊಟ್ಟೆಗೆ ಅಂಟಿಕೊಂಡಿತ್ತು, ಆಗತಾನೇ ಅದರ ಕಿವಿಯ ಸುತ್ತ ಬಣ್ಣ ತಿಳಿಯಾಗತೊಡಗಿತ್ತು. ಟ್ಯಾಂಕಿನ ಮೇಲಿನಿಂದ ಅವನು ಯಾವಾಗ ಇಳಿದನೋ ನನಗೆ ಕಾಣಲಿಲ್ಲ. ಧೂಳು ಎದ್ದಿತು. ಹರುಕಿವಿ ಕಿರುಚಿದಳು.

ನಾನು ಓಡಿದೆ. ಅಕ್ಕ ನನಗಿಂತ ಹತ್ತಿರದಲ್ಲಿದ್ದರು. ಮೆಣಸಿನಕಾಯಿ ಮೊರವನ್ನೇ ಅವನ ಮೇಲೆ ಎಸೆದು, ‘ಬಿಡೋ! ಬಿಡೋ ಮುಂಡೇದೇ!’ ಎಂದು ಕೂಗುತ್ತ ನುಗ್ಗಿದರು. ಅವನು ಅಕ್ಕನ ಕಡೆ ತಿರುಗಿ ಹಲ್ಲು ಬಿಟ್ಟ. ಬಾಯಲ್ಲಿ ಮರಿಯಿತ್ತು. ಅಕ್ಕ ನಿಂತಲ್ಲೇ ನಿಂತರು. ನಾನು ಕಲ್ಲು ತೂರಿದೆ. ಅವನು ಮರಿಯನ್ನು ಬಿಟ್ಟು, ಅವಸರವೇನೂ ಇಲ್ಲದವನ ಹಾಗೆ ಗೋಡೆ ಹತ್ತಿ ಹೋದ.

ಎಲ್ಲ ಮುಗಿದಿತ್ತು. ಹರುಕಿವಿ ಬಂದು ಮರಿಯನ್ನು ಎತ್ತಿಕೊಂಡಳು. ಎದೆಗೆ ಇಟ್ಟುಕೊಂಡು ನೋಡಿದಳು, ಅದು ಜಾರಿತು, ಮತ್ತೆ ಇಟ್ಟುಕೊಂಡಳು. ಅಕ್ಕ ಚೆಲ್ಲಿದ ಮೆಣಸಿನಕಾಯಿಯ ಮೇಲೇ ಕುಸಿದು ಕೂತಿದ್ದರು. ಮೇಡಂ ಗೋಡೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದಿದ್ದರು. ಅವರ ಹಿಂದೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಗಳು ನಿಂತಿದ್ದಳು.

ಕೂಗು ಕೇಳಿ ಊರಿನವರು ಓಡಿಬಂದರು. ನಿನ್ನೆಯವರೂ ಬಂದರು. ನೆಲದ ಮೇಲೆ ರಕ್ತ, ನನ್ನ ಕೈಯಲ್ಲಿ ಇನ್ನೊಂದು ಕಲ್ಲು, ಮಾಡಿನ ಮೇಲೆ ಸತ್ತ ಮರಿಯನ್ನು ಹಿಡಿದುಕೊಂಡ ತಾಯಿ. ಬೆಂಚಿನವನ ಕಣ್ಣು ಕಲ್ಲಿನ ಮೇಲೇ ನಿಂತಿತು.

‘ಏನಾಯ್ತಕ್ಕಾ?’

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಮೊದಲು ಗುಡಿಯ ಕಡೆ, ಆಮೇಲೆ ಮಗಳ ಕಡೆ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ‘ನಾಯಿ’ ಎಂದರು. ‘ದೊಡ್ ನಾಯಿ, ಕಂದು ಬಣ್ಣದ್ದು. ನನ್ ಕಣ್ಣಾರೆ ನೋಡ್ದೆ. ಈ ಹುಡ್ಗಿ ಕಲ್ಲು ತಗಂಡು ಓಡಿಸ್ದ್ಲು. ಇಲ್ದಿದ್ರೆ ತಾಯೀನೂ ಉಳೀತಿರ್ಲಿಲ್ಲ. ಇಷ್ಟ್ ದಿನಾನೂ ಅದೇ ಕಣ್ರೋ. ನಾನು ಮೊದ್ಲಿಂದ ಹೇಳ್ತಾ ಇರ್ಲಿಲ್ವಾ?’

ಯಾರೂ ಎದುರು ಹೇಳಲಿಲ್ಲ. ಬೆಂಚಿನವನು ನನ್ನ ಹತ್ತಿರ ಬಂದು, ‘ಏಟು ಬಿತ್ತಾ ನಿಮ್ಗೆ?’ ಎಂದು ವಿಚಾರಿಸಿದ. ಇಲ್ಲ ಎಂದು ತಲೆಯಾಡಿಸಿದೆ. ಶನಿವಾರದ ಮಾತು ಅಲ್ಲಿಗೆ ನಿಂತಿತು.

ಆದರೆ ನಾಯಿಯ ಮಾತು ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಊರಿನ ನಾಯಿಗಳಿಗೆ ವಿಷದ ಉಂಡೆ ಹಾಕಿದರು. ಕಂದು ಬಣ್ಣದ್ದೊಂದೇ ಅಲ್ಲ, ಸಿಕ್ಕವೆಲ್ಲ ತಿಂದವು. ಬೆಳಿಗ್ಗೆ ಚರಂಡಿಯ ಪಕ್ಕ, ಹಾಲಿನ ಡೈರಿಯ ಮುಂದೆ, ಬಸ್ಸಿನ ಕಟ್ಟೆಯ ಕೆಳಗೆ ಬಿದ್ದಿದ್ದವು. ಟ್ರಾಕ್ಟರಿನಲ್ಲಿ ಹಾಕಿಕೊಂಡು ಹೋದರು. ಅಕ್ಕ ಬಾಗಿಲಿನಲ್ಲಿ ನಿಂತು ಆ ಟ್ರಾಕ್ಟರನ್ನು ನೋಡಿದರು, ಒಳಗೆ ಹೋಗಿ ಸ್ನಾನ ಮಾಡಿದರು. ಆ ಬೇಸಿಗೆಯುದ್ದಕ್ಕೂ ಊರಿಗೆ ಯಾರು ಬಂದರೂ ಹೋದರೂ ಒಂದು ಬೊಗಳುವ ಸದ್ದಿಲ್ಲ.

ಮೇಡಂ ಹೊರಡುವ ದಿನ ನಾನು ಕಾರು ಮಾಡಿಸಿ ಕಡೂರಿಗೆ ಬಿಡಲು ಹೋದೆ. ದಾರಿಯಲ್ಲಿ ನಾಯಿಗಳ ವಿಷಯ ಎತ್ತಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ‘ಆ ಹೆಂಗಸು ನಿನ್ನನ್ನು ಉಳಿಸಿದಳು’ ಎಂದರು. ಸ್ಟೇಷನ್ನು ಹತ್ತಿರವಾದಾಗ, ‘ನೀನು ಬರೆಯೋದರಲ್ಲಿ ನಾಯಿ ಬರಬಾರದು’ ಎಂದರು. ರೈಲು ಹತ್ತುವಾಗ ನನ್ನ ಕೆನ್ನೆ ಮುಟ್ಟಿದರು. ಅವರು ಹಾಗೆ ಮಾಡಿದ್ದು ಅದೊಂದೇ ಸಲ.

ಹರುಕಿವಿ ಸತ್ತ ಮರಿಯನ್ನು ಕೆಲವು ದಿನ ಹೊತ್ತು ತಿರುಗಿದಳು. ಅದು ಒಣಗಿ ತೊಗಲಾಯಿತು. ಒಂದು ದಿನ ಅದು ಅವಳ ಕೈಯಲ್ಲಿರಲಿಲ್ಲ. ಗುಂಪಿಗೆ ಹಿಂದಿರುಗಿದ್ದಳು. ಅಮ್ಮನ ಕಣ್ಣು ತಪ್ಪಿಸಿ ತಾರಸಿ ಹತ್ತಿದ್ದ ಮಗಳು ಮೇಲಿನಿಂದ ನನ್ನನ್ನು ಕರೆದಳು, ದುರ್ಬೀನು ಕೊಟ್ಟಳು. ಗುಡಿಯ ಗೋಡೆಯ ಮೇಲೆ ದಪ್ಪ ಕತ್ತಿನವನು ಕಣ್ಣು ಮುಚ್ಚಿ ಮಲಗಿದ್ದ. ಹರುಕಿವಿ ಅವನ ಬೆನ್ನಿನ ಕೂದಲನ್ನು ಬಿಡಿಸಿ ಬಿಡಿಸಿ ಹೇನು ತೆಗೆಯುತ್ತಿದ್ದಳು.

‘ಇವ್ಳಿಗೇನೇ ಬಂತು?’ ಎಂದಳು ಮಗಳು. ‘ಮರ್ತೇಬಿಟ್ಲಾ?’

‘ಮರೆತಳೋ ಇಲ್ಲವೋ ನಮಗೆ ಗೊತ್ತಾಗಲ್ಲ’ ಎಂದೆ. ‘ಅವಳು ಬದುಕಬೇಕಲ್ಲ.’

ಅವಳು ದುರ್ಬೀನನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ಚೀಲದಲ್ಲಿ ಹಾಕಿ, ಜಿಪ್ಪು ಎಳೆದು ನನಗೇ ಕೊಟ್ಟಳು. ಮತ್ತೆ ಯಾವತ್ತೂ ಕೇಳಲಿಲ್ಲ. ಹದಿನೈದು ದಿನದೊಳಗೆ ಕಡೂರಿನ ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಹೆಣ್ಣುಮಗುವಾಯಿತು. ತಾಯಿ ಮಗು ಚೆನ್ನಾಗಿದ್ದಾರೆ ಎಂದು ಅಕ್ಕನೇ ನನಗೆ ಫೋನು ಮಾಡಿದರು. ಬಾಣಂತಿ ಮನೆಗೆ ಬಂದ ಮೇಲೆ ಹಿತ್ತಿಲ ಕಡೆಯ ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ ಹಾಕಿಸಿದರು. ಯಾಕೆ ಎಂದು ಕೇಳಿದ ನೆಂಟರಿಗೆ ಸೊಳ್ಳೆ ಎಂದರು. ಆ ಜಾಲರಿಯ ಕಣ್ಣಿನಲ್ಲಿ ನನ್ನ ಮುಷ್ಟಿ ಹೋಗುತ್ತಿತ್ತು.

ನಾನು ಬರೆದೆ. ಇಂಗ್ಲಿಷಿನಲ್ಲಿ, ಕೋಷ್ಟಕಗಳ ಸಮೇತ, ನಾಯಿಯಿಲ್ಲದೆ ಬರೆದೆ. ಮೇಡಂ ಅದನ್ನು ಓದಿದರು, ಪರೀಕ್ಷಕರು ಓದಿದರು. ಆ ಊರಿನಲ್ಲಿ ಯಾರೂ ಓದಲಿಲ್ಲ, ಓದುವಂತೆ ನಾನೂ ಕೊಡಲಿಲ್ಲ. ಈಗ ಕಡೂರಿನಲ್ಲಿ ಪಾಠ ಹೇಳುತ್ತೇನೆ. ರಜೆ ಸಿಕ್ಕರೆ ಗುಡ್ಡಕ್ಕೆ ಹೋಗುತ್ತೇನೆ, ಅಕ್ಕನ ಮನೆಯಲ್ಲೇ ಊಟ. ಹರುಕಿವಿಗೆ ಮರುವರ್ಷ ಮರಿಯಾಯಿತು, ದಪ್ಪ ಕತ್ತಿನವನ ಮರಿ. ಎಲ್ಲ ಹೆಣ್ಣುಗಳೂ ಅದನ್ನು ಎತ್ತಿ ಆಡಿಸಿದವು.

ಹೋದ ತಿಂಗಳು ಹೋಗಿದ್ದಾಗ ಮಗಳೂ ಮೊಮ್ಮಗಳೂ ಪಂಚನಹಳ್ಳಿಯಿಂದ ಬಂದಿದ್ದರು. ಮಗು ಈಗ ಓಡಾಡುತ್ತದೆ. ನಾನೂ ಅಕ್ಕನೂ ಜಗಲಿಯ ಮೇಲೆ ಕೂತಿದ್ದೆವು. ದಾರಿಯಲ್ಲಿ ಒಂದು ಬಡಕಲು ನಾಯಿಮರಿ ಬಂತು. ಎಲ್ಲಿಂದಲೋ ಹೊಸದಾಗಿ ಸೇರಿಕೊಂಡದ್ದು. ಮಗು ಅದನ್ನು ಕಂಡದ್ದೇ ಚೀರಿ ಅಕ್ಕನ ಸೆರಗು ಹಿಡಿದುಕೊಂಡಿತು. ‘ನಾಯಿ ಕಂಡ್ರೆ ಆಗಲ್ಲ ಇದ್ಕೆ’ ಎಂದರು ಅಕ್ಕ, ಅದರ ತಲೆ ಸವರುತ್ತ. ‘ನಾನೇ ಹೇಳಿದೀನಿ, ಮುಸುವದ ಮರೀನ ಕಚ್ಚಿ ಹಾಕಿದ್ದು ನಾಯೀನೇ ಅಂತ.’

ಅವರ ಮುಖ ನೋಡಿದೆ. ಅಲ್ಲಿ ಸುಳ್ಳಿನ ಗೆರೆಯೊಂದೂ ಇರಲಿಲ್ಲ. ನನ್ನ ಮುಂದೆ ನಟಿಸುತ್ತಿದ್ದರೋ, ಹೇಳಿ ಹೇಳಿ ಅವರಿಗೆ ಅದೇ ನಿಜವಾಗಿಹೋಗಿತ್ತೋ, ನನಗೆ ಗೊತ್ತಾಗಲಿಲ್ಲ.

ನಾಯಿಮರಿ ಹೋದ ಮೇಲೆ ಮಗುವಿಗೆ ಧೈರ್ಯ ಬಂತು. ಕಾಂಪೌಂಡಿನ ಮೇಲೆ ದೊಡ್ಡ ಗಂಡು ಮುಸುವವೊಂದು ಬಂದು ಕೂತಿತ್ತು. ಮಗು ಅರ್ಧ ತಿಂದ ಬಾಳೆಹಣ್ಣನ್ನು ಮೇಲೆತ್ತಿ ಹಿಡಿದು, ‘ತಗೋ, ತಗೋ’ ಎನ್ನುತ್ತ ಅದರ ಕಡೆ ನಡೆಯತೊಡಗಿತು. ಮುಸುವ ನಿಧಾನವಾಗಿ ಕತ್ತು ತಿರುಗಿಸಿತು.

ಅಕ್ಕ ಕೂಗಲಿಲ್ಲ. ಎದ್ದು ಹೋಗಿ ಮಗುವನ್ನು ಕಂಕುಳಿಗೆ ಎತ್ತಿಕೊಂಡು, ಅದರ ಕೈಯಿಂದ ಹಣ್ಣನ್ನು ಬಿಡಿಸಿ ನೆಲಕ್ಕೆ ಹಾಕಿ, ಹಿಂದಕ್ಕೆ ನೋಡದೆ ಒಳಗೆ ನಡೆದರು. ‘ನೀನೂ ಒಳಗ್ ಬಾರಮ್ಮ’ ಎಂದು ನನ್ನನ್ನೂ ಕರೆದರು. ನಾನು ಹೋದ ಮೇಲೆ ಬಾಗಿಲು ಹಾಕಿ, ಮೇಲಿನ ಅಗುಳಿಯನ್ನೂ ಹಾಕಿದರು.